ಗುಲಾಬಿ ಬಣ್ಣದ ವೈನಿಗೆ ಲಿವರ್

ಸಸೆಕ್ಸ್‌ನ ಸುಣ್ಣಕಲ್ಲಿನ ಇಳಿಜಾರಿನಲ್ಲಿರುವ ಪಿಯರ್ಸ್‌ನ ದ್ರಾಕ್ಷಿತೋಟಕ್ಕೆ ಔಷಧಿ ಹೊಡೆಯುವುದಿಲ್ಲ ಎಂಬುದು ಸುತ್ತಲ ಹತ್ತೂರಿಗೆ ಗೊತ್ತಿದ್ದ ಮಾತು. ಗೊತ್ತಿಲ್ಲದವರಿದ್ದರೆ ಅವನೇ ತಡೆದು ನಿಲ್ಲಿಸಿ ಹೇಳುತ್ತಿದ್ದ. ಹುಲ್ಲು ಮೇಯಲು ಕುರಿ, ಗೊಬ್ಬರಕ್ಕೂ ಅದೇ ಕುರಿ; ಎಲೆಗೆ ಬೂಜು ಹಿಡಿದರೂ ತಾಮ್ರದ ಮೈಲುತುತ್ತ ಮುಟ್ಟಿಸುವುದಿಲ್ಲ ಎಂಬ ಹಠ. ಅವನ ನೊರೆವೈನಿಗೆ ಹೆಸರು ಬಂದದ್ದೇ ಈ ಹಠದಿಂದ.

ಮುಟ್ಟಿಸಿದವಳು ಅವನ ಅಕ್ಕ ಹೆಸ್ಟರ್. ಜುಲೈನಲ್ಲಿ ಪಿಯರ್ಸ್ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡು ಮೂರು ವಾರ ಆಸ್ಪತ್ರೆಯಲ್ಲಿದ್ದಾಗ ಹಾಳು ಮಳೆ ಹಿಡಿದು ಕೂತಿತು. ಎಲೆಯ ಅಡಿಯಲ್ಲೆಲ್ಲ ಬಿಳಿ ಬೂಜು. ತಮ್ಮ ಬರುವಷ್ಟರಲ್ಲಿ ಒಂದು ಗೊಂಚಲೂ ಉಳಿಯುವುದಿಲ್ಲವೆಂದು ಹೆದರಿ, ಪಾಪ, ಅವಳೇ ಬೆಳಗಿನ ಜಾವ ಎದ್ದು ಮೈಲುತುತ್ತ ಹೊಡೆದಳು. ಬೆಳೆ ಉಳಿಯಿತು. ಊರುಗೋಲು ಹಿಡಿದು ಬಂದ ತಮ್ಮ, "ನೋಡಿದ್ಯಾ ಹೆಟ್ಟಿ, ಗಿಡ ತನ್ನನ್ನ ತಾನೇ ಕಾಪಾಡ್ಕೊಂಡಿದೆ!" ಎಂದು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟ. ಆಗ ಅವಳಿಗೆ ಬಾಯಿ ಬಿಡಲಾಗಲಿಲ್ಲ. ಅಲ್ಲಿಗೆ ಸಿಕ್ಕಿಹಾಕಿಕೊಂಡಳು.

ಕೊಯ್ಲು ಮುಗಿದ ಮೇಲೆ ಎಂದಿನಂತೆ ಕುರಿಗಳನ್ನು ಸಾಲುಗಳ ನಡುವೆ ಬಿಟ್ಟರು. ಹುಲ್ಲು, ಉದುರಿದ ಎಲೆ, ಎಲ್ಲವನ್ನೂ ಮೇದವು. ಡಿಸೆಂಬರಿನ ಈ ಬೆಳಿಗ್ಗೆ ನೋಡಿದರೆ ಒಂದು ಕುರಿ ಬೇಲಿಯ ಪಕ್ಕ ಬಿದ್ದಿತ್ತು, ಕಣ್ಣೆಲ್ಲ ಅರಿಶಿನ. ಪಿಯರ್ಸ್ ಅತಿಥಿಗಳನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದ. ಬಂದು ನೋಡಿದ ಪಶುವೈದ್ಯರು ಹೆಸ್ಟರ್‌ಗೇ ಹೇಳಿದರು: "ತಾಮ್ರ ಏರಿದ ಹಾಗಿದೆ. ಲಿವರ್‌ನಲ್ಲಿ ಸೇರ್ಕೊಂಡುಬಿಡುತ್ತೆ. ಕುರಿಗೆ ಅದು ವಿಷ. ಎಲ್ಲಿಂದ ಬಂತು?"

"ಗೊತ್ತಿಲ್ಲ," ಎಂದಿದ್ದಳು ಹೆಸ್ಟರ್.

ಮಧ್ಯಾಹ್ನದ ಊಟಕ್ಕೆ ಆರು ಜನ ಅತಿಥಿಗಳು. ಲಂಡನ್ನಿನ ಹೋಟೆಲುಗಳಿಗೆ ವೈನ್ ಆರಿಸುವ ಫೆನ್ವಿಕ್ ಅವರಲ್ಲೊಬ್ಬರು. ಮೊದಲ ಬಾಟಲಿಯ ಜೊತೆಗೆ ಹಸಿ ಸಿಂಪಿಯ ಮಾಂಸ, ಎರಡನೆಯದಕ್ಕೆ ಕರಿದ ಮೀನು, ಆಲೂಗಡ್ಡೆ. "ಎಣ್ಣೆ ಜಿಡ್ಡನ್ನ ಈ ಹುಳಿ ಹೇಗೆ ತೊಳೆದುಬಿಡ್ತು ನೋಡಿ!" ಎಂದು ಫೆನ್ವಿಕ್ ತುಟಿ ಒರೆಸಿಕೊಂಡರು. ಪಿಯರ್ಸ್‌ನ ಮುಖ ಊರಗಲವಾಯಿತು.

ಮೂರನೆಯದು ಗುಲಾಬಿ ಬಣ್ಣದ ವೈನ್. ಅದರ ಜೊತೆಗೆ ಅಡುಗೆಯ ಡಿಲಿಸ್ ದೊಡ್ಡ ತಟ್ಟೆ ಹೊತ್ತು ತಂದಳು. "ನಮ್ಮ ತೋಟದಲ್ಲೇ ಮೇದ ಕುರಿಮರಿ. ಹೋದ ವಾರ ಕಡಿಸಿದ್ದು. ಲಿವರ್, ಬೆಣ್ಣೇಲಿ ಎರಡೇ ನಿಮಿಷ."

ಹೆಸ್ಟರ್ ಎದ್ದು ತಟ್ಟೆ ಇಸಿದುಕೊಳ್ಳುವವಳಂತೆ ಕೈಯೊಡ್ಡಿ, ಬೇಕೆಂದೇ ಜಾರಿಸಿದಳು. ಲಿವರೆಲ್ಲ ನೆಲದ ಪಾಲಾಯಿತು.

"ಕೈಗೇನು ಬಂತೇ ನಿಂಗೆ?" ಎಂದು ಡಿಲಿಸ್ ಗದರಿದಳು. "ಇರಲಿ ಬಿಡು, ಅರ್ಧ ಇನ್ನೂ ಬಾಣಲೇಲಿದೆ."

ಅತಿಥಿಗಳು ನಕ್ಕರು. ಹೆಸ್ಟರ್ ಬಗ್ಗಿ ನೆಲದ ಚೂರುಗಳನ್ನು ಆರಿಸತೊಡಗಿದಳು. ಹೇಳಿದರೆ ತಮ್ಮನ ಇಪ್ಪತ್ತು ವರ್ಷದ ಮಾತು ಈ ಮೇಜಿನ ಮೇಲೇ ಸಾಯುತ್ತದೆ. ಹೇಳದಿದ್ದರೆ ಇವರೆಲ್ಲ ತಿನ್ನುತ್ತಾರೆ.

ಬಿಸಿಬಿಸಿ ತಟ್ಟೆ ಬಂತು. ಪಿಯರ್ಸ್ ಎಲ್ಲರಿಗೂ ಬಡಿಸಿ, ಒಂದು ತುಂಡನ್ನು ಫೋರ್ಕಿಗೆ ಚುಚ್ಚಿ ಅಕ್ಕನ ಮುಂದೆ ಹಿಡಿದ.

"ಮೊದಲ ತುತ್ತು ಇವಳಿಗೆ. ನಾನು ಕಾಲು ಮುರ್ಕೊಂಡು ಮಲಗಿದ್ದಾಗ ತೋಟ ನೋಡ್ಕೊಂಡಿದ್ದು ಇವಳೇ. ಒಂದು ಹನಿ ಔಷಧಿ ಇಲ್ದೆ! ತಿನ್ನು ಹೆಟ್ಟಿ, ನೀನು ತಿಂದ ಮೇಲೇ ನಾವು."

ಹೆಸ್ಟರ್ ಫೋರ್ಕ್ ತೆಗೆದುಕೊಂಡಳು. ತಿಂದುಬಿಟ್ಟರೆ ಮುಗಿಯಿತು, ಎಂದುಕೊಂಡಳು. ತುಟಿಯವರೆಗೂ ಒಯ್ದಳು. ಎಲ್ಲರೂ ಫೋರ್ಕ್ ಹಿಡಿದು ಕಾಯುತ್ತಿದ್ದರು.

"ಯಾರೂ ತಿನ್ನಬೇಡಿ," ಎಂದಳು. "ನಾನು ಮೈಲುತುತ್ತ ಹೊಡೆದಿದ್ದೀನಿ ಪಿಯರ್ಸ್. ಬೆಳಿಗ್ಗೆ ಒಂದು ಕುರಿ ಬಿದ್ದಿದೆ. ತಾಮ್ರ ಅಂತೆ."

ಪಿಯರ್ಸ್ ಇನ್ನೂ ನಗುತ್ತಲೇ ಇದ್ದ. "ಎಷ್ಟು ಸಲ?"

"ನಾಲ್ಕು."

ನಗು ಹೋಯಿತು. ಅವನು ಇನ್ನೂ ಬಿಡದ ಊರುಗೋಲು ಹಿಡಿದು ಎದ್ದು, ಗೋಡೆಯ ಮೇಲಿನ ಕೋಟು ತೆಗೆದುಕೊಂಡ. "ಮಿಕ್ಕ ಕುರಿಗಳೆಲ್ಲ ಇನ್ನೂ ಅಲ್ಲೇ ಮೇಯ್ತಾ ಇವೆ."

"ನಾನೂ ಬರ್ತೀನಿ. ಒಬ್ಬನೇ ಹೇಗೆ ಹೊಡ್ಕೊಂಡು ಬರ್ತೀಯ ಈ ಕಾಲಲ್ಲಿ?"

"ಬೇಡ. ನೀನು ಕೂತ್ಕೋ. ಈ ವರ್ಷದ ದ್ರಾಕ್ಷಿ ರಸ ಪೀಪಾಯಿಗಳಲ್ಲಿ ಹುದುಗ್ತಾ ಇದೆ. ಅದನ್ನ ಏನಂತ ಹೇಳಿ ಮಾರಬೇಕು, ಇವರಿಗೆ ನೀನೇ ಹೇಳು."

ಬಾಗಿಲು ಮುಚ್ಚಿಕೊಂಡಿತು. ಫೆನ್ವಿಕ್ ತಮ್ಮ ಲೋಟವನ್ನು ಮೆಲ್ಲಗೆ ದೂರ ಸರಿಸಿದರು. ಆರೂ ಜನ ಹೆಸ್ಟರ್‌ಳ ಮುಖವನ್ನೇ ನೋಡುತ್ತ ಕೂತರು.