ಜಾಕೀಟಿನ ಬಗಲು

ಕಾಂತಾ ಜಾಕೀಟಿನ ಬಗಲಿಗೆ ಇನ್ನೊಮ್ಮೆ ಮೂಗು ಹಚ್ಚಿದಳು. ಬೆವರಿನ ವಾಸನೆಯಲ್ಲ. ಹೂವಿನದೂ ಅಲ್ಲ, ಹೂವು, ಸಾಬೂನು, ಔಷಧಿ ಮೂರೂ ಕೂಡಿದಂಥದ್ದು. ಎರಡೂ ಬಗಲಲ್ಲಿ, ಕಪ್ಪು ಚರ್ಮದ ಮೇಲೆ, ಸುಣ್ಣದ ನೀರು ಸಿಡಿದು ಒಣಗಿದಂತೆ ಬಿಳಿ ಕಲೆ ಕೂತಿತ್ತು. ಉಗುರಿನಿಂದ ಕೆರೆದರೆ ಪುಡಿ ಬಂತು, ಕಲೆ ಹೋಗಲಿಲ್ಲ.

ಖಾನಾಪುರದ ಪೇಟೆಯಲ್ಲಿ ಅವಳ ಗಂಡ ಬಸಲಿಂಗಪ್ಪನದೊಂದು ಫೋಟೋ ಸ್ಟುಡಿಯೋ ಇತ್ತು. ಬೆಳಗಾವಿ ಬಳಿಯ ಸಾಂಬ್ರಾದಲ್ಲಿ ನೌಕರಿ ಮುಗಿಸಿ ಊರಿಗೆ ಹೊರಟಿದ್ದ ವಿಮಾನದಳದವನೊಬ್ಬ ಮಾರಿದ ಈ ಚರ್ಮದ ಜಾಕೀಟು ಬಂದ ಮೇಲೆ ಅಂಗಡಿಯ ದೆಸೆಯೇ ತಿರುಗಿತ್ತು. ಆಗ ಎಂಬತ್ತರ ದಶಕ. ಸಿನಿಮಾದ ಹೀರೋಗಳೆಲ್ಲ ಇಂಥದ್ದನ್ನೇ ತೊಡುತ್ತಿದ್ದರು. ಹಲಸಿಯ ಕಡೆಯ ಹುಡುಗರು ಧೋತರದ ಮೇಲೆಯೇ ಅದನ್ನು ಏರಿಸಿಕೊಂಡು, ಸೊಂಟದ ತನಕ ಮಾತ್ರ ಕಾಣುವಂತೆ ಫೋಟೋ ತೆಗೆಸುತ್ತಿದ್ದರು. ಸಂಜೆ ಅದನ್ನು ಒರೆಸಿ ಗಾಳಿಗೆ ಹಾಕುವುದು ಕಾಂತಾಳ ಕೆಲಸ. ಬೀಡಿ, ಎಣ್ಣೆ, ದನದ ಕೊಟ್ಟಿಗೆ, ಎಲ್ಲ ವಾಸನೆಯೂ ಅವಳಿಗೆ ಗುರುತಿತ್ತು. ಇದು ಹೊಸದು.

"ಯಾರರೆ ಸೆಂಟ್ ಹಚ್ಕೊಂಡು ಬಂದಿದ್ರೇನ್ರಿ?"

ನೆಗೆಟಿವ್ ತಿದ್ದುತ್ತಿದ್ದ ಬಸಲಿಂಗಪ್ಪ ತಲೆ ಎತ್ತಲಿಲ್ಲ. "ಬಂದಿರಬೇಕು. ನನಗೇನ್ ಗೊತ್ತು?"

ಗಿರಾಕಿಯ ಬಗ್ಗೆ ಕೇಳಿದರೆ ಅವನ ಅತ್ತೆಮನೆಯ ಸುದ್ದಿಯನ್ನೂ ಸೇರಿಸಿ ಹೇಳುವ ಮನುಷ್ಯ ಹೀಗೆ ಎರಡು ಮಾತಿನಲ್ಲಿ ಮುಗಿಸಿದ್ದು ಕಾಂತಾಳಿಗೆ ಸರಿಬರಲಿಲ್ಲ.

ವಡಗಾವಿಯಲ್ಲಿದ್ದ ತಂಗಿಯನ್ನು ನೋಡಿಬರುವ ನೆಪದಲ್ಲಿ ಅವಳು ಜಾಕೀಟನ್ನು ಚೀಲಕ್ಕೆ ತುರುಕಿಕೊಂಡು ಬೆಳಗಾವಿಯ ಬಸ್ಸು ಹತ್ತಿದಳು. ಕ್ಯಾಂಪಿನಲ್ಲಿ ಮಿಲಿಟರಿಯವರ ಬೂಟು, ಬೆಲ್ಟು ಹೊಲಿಯುವ ರಾಯಪ್ಪ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಬಗಲಾಗ ಹೊಡಕೊಳ್ಳೂ ಸ್ಪ್ರೇ ಅವ್ವಾರ. ಬೆವರು ನಾರಬಾರದಂತ. ಸಾಹೇಬ್ರ ಮನ್ಯಾಗ ನೋಡೇನಿ."

"ಗಂಡಸರು ಹೊಡಕೊಳ್ತಾರೋ, ಹೆಂಗಸರೋ?"

ರಾಯಪ್ಪ ಮೂಸಿ ನೋಡಿ ಸ್ವಲ್ಪ ಸಂಕೋಚಪಟ್ಟ. "ಹೆಂಗಸರದು ಇದ್ದಂಗ ಐತ್ರಿ."

ಉಪ್ಪಿನಕಾಯಿಗೆ ಹಾಕುವ ಹುಳಿ ಸಿರ್ಕಾಕ್ಕೆ ಅದರಷ್ಟೇ ನೀರು ಬೆರೆಸಿ, ಅರಿವೆ ಅದ್ದಿ ಹಿಂಡಿ, ತಿಕ್ಕದೆ ಬರೀ ಒತ್ತಬೇಕು. ಬಿಸಿಲಿಗೆ ಹಾಕಬಾರದು ಎಂದು ಅವನು ಹೇಳಿಕೊಟ್ಟ. ಕಾಂತಾಳ ಕಿವಿಯಲ್ಲಿ ಮಾತ್ರ ಹಿಂದಿನ ಮಾತೇ ನಿಂತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಯಾವ ಹೆಂಗಸು ಪಕ್ಕದಲ್ಲಿ ಕೂತರೂ ಅವಳು ಮೆಲ್ಲಗೆ ಉಸಿರೆಳೆದು ನೋಡಿದಳು. ಸಿಟ್ಟಿತ್ತು, ಇಲ್ಲವೆಂದಲ್ಲ. ಆದರೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿ ಕಾಡಿತು. ಸೀರೆಯ ಮೇಲೆ ಜಾಕೀಟು ತೊಟ್ಟು ಕ್ಯಾಮೆರಾದ ಮುಂದೆ ನಿಲ್ಲುವಂಥವಳು ಖಾನಾಪುರದಲ್ಲಿ ಯಾರಿದ್ದಾಳೆ? ಅವಳಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?

ಹಿತ್ತಲ ಕಟ್ಟೆಯ ಮೇಲೆ ಕೂತು ಅವಳು ಕಲೆ ತೆಗೆದಳು. ಒತ್ತಿದಷ್ಟೂ ಬಿಳುಪು ಅರಿವೆಗೆ ಇಳಿದು, ಚರ್ಮ ಕಪ್ಪಾಗುತ್ತ ಬಂತು. ಒಣಗಿದ ಮೇಲೆ ಎರಡು ಹನಿ ಔಡಲೆಣ್ಣೆ ಸವರಿದಳು. ವಾರ ಕಳೆಯುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಬಿಳಿ ಎದ್ದಿತು.

ಈಚೆಗೆ ಬಸಲಿಂಗಪ್ಪ ಮಧ್ಯಾಹ್ನ ಊಟ ಮಾಡಿದವನೇ ಅಂಗಡಿಗೆ ಹೊರಟುಬಿಡುತ್ತಿದ್ದ. ಅಲ್ಲಿ ತಂಪಿದೆ, ಒಂದು ನಿದ್ದೆ ತೆಗೆಯುತ್ತೇನೆ ಎನ್ನುತ್ತಿದ್ದ. ಕಲೆ ಮತ್ತೆ ಕಂಡ ದಿನ ಕಾಂತಾ ಅವನ ಹಿಂದೆಯೇ ಹೋಗಿ, ಹಿಂಬಾಗಿಲು ತಳ್ಳಿ ಒಳಗೆ ಕಾಲಿಟ್ಟಳು.

ಹೆಂಗಸು ಯಾರೂ ಇರಲಿಲ್ಲ. ಬಣ್ಣ ಬಳಿದ ಪರದೆಯ ಮುಂದೆ ಬಸಲಿಂಗಪ್ಪ ಒಬ್ಬನೇ, ಜಾಕೀಟು ತೊಟ್ಟು, ಒಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದ. ಹೊಟ್ಟೆ ಅಡ್ಡ ಬಂದು ಗುಂಡಿ ಹಾಕಲಾಗಿರಲಿಲ್ಲ. ಇನ್ನೊಂದು ಕೈಯಲ್ಲಿ ಗುಲಾಬಿ ಬಣ್ಣದ ಡಬ್ಬಿಯಿತ್ತು. ಬಗಲಿನ ಮೇಲೆ, ಜಾಕೀಟಿನ ಚರ್ಮಕ್ಕೇ, ಅದನ್ನು ಪುಸ್ಸೆಂದು ಹೊಡೆಯುತ್ತಿದ್ದವನು ಅವಳನ್ನು ಕಂಡು ಹಾಗೆಯೇ ನಿಂತುಬಿಟ್ಟ.

"ಕುವೇತ್‌ದಿಂದ ಬಂದ ಗಿರಾಕಿ ಒಬ್ಬ ಇದನ್ನ ಬಿಟ್ಟುಹೋಗ್ಯಾನ..." ಎಂದ, ಅವಳು ಏನನ್ನೂ ಕೇಳುವ ಮೊದಲೇ.

ಕಾಂತಾ ಸ್ಟೂಲಿನ ಮೇಲೆ ಕೂತಳು. "ಅದನ್ನ ಮೈಗೆ ಹೊಡಕೋತಾರಂತ್ರಿ. ಅಂಗಿಗಲ್ಲ."

"ಹೌದೇನು?" ಅವನು ಡಬ್ಬಿಯನ್ನು ತಿರುಗಿಸಿ ನೋಡಿದ. "ಎಲ್ಲಾರ ಬೆವರೂ ಇದಕ್ಕ ಹತ್ತೇತಿ. ಹಾಕ್ಕೊಂಡ್ರ ನಾ ಬ್ಯಾರೆ ಯಾರೋ ಆದಂಗ ಆಕ್ಕೈತಿ. ಅದಕ್ಕ ಹೊಡದೆ."

"ಫೋಟೋದಾಗ ವಾಸನಿ ಕಾಣ್ತೈತೇನ್ರಿ?"

"ಮಾರಿ ಮ್ಯಾಲ ಕಾಣ್ತೈತಿ."

ಕಾಂತಾಳಿಗೆ ನಗು ಬಂತು. ಅವನು ನಗದಿದ್ದುದನ್ನು ನೋಡಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಎಲ್ಲಿ, ತಗದ ಫೋಟೋ ತೋರಸ್ರಿ."

"ತಗದಿಲ್ಲ. ಬರೇ ನಿಂದರ್ತೇನಿ. ನಿಂತಾಂವ ಹ್ಯಾಂಗ ಕಾಣ್ತಾನಂತ ಅಲ್ಲಿಂದ ಯಾರರೆ ನೋಡಬೇಕಲ್ಲ?"

ಮೂರು ಕಾಲಿನ ಮೇಲೆ ನಿಂತಿದ್ದ ದೊಡ್ಡ ಕ್ಯಾಮೆರಾವನ್ನು ಕಾಂತಾ ದಿನವೂ ಒರೆಸುತ್ತಿದ್ದಳು. ಅದರ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದವಳಲ್ಲ. ಎದ್ದು ಹೋಗಿ, ಸೆರಗು ಸಿಕ್ಕಿಸಿಕೊಂಡು, ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಕತ್ತಲೆ. ಆಮೇಲೆ ಗಾಜಿನ ಮೇಲೆ ಮಸುಕು ಬೆಳಕು ಮೂಡಿ, ಅದರೊಳಗೆ ಗಂಡ ತಲೆಕೆಳಗಾಗಿ ಕಾಣಿಸಿದ. ಕಾಲು ಮೇಲೆ, ತಲೆ ಕೆಳಗೆ.

"ಬಲಕ್ಕಿರೂ ತಿರುಪು ಸಾವಕಾಶ ತಿರುವು," ಎಂದ ಹೊರಗಿನಿಂದ.

ತಿರುವಿದಳು. ಮಸುಕು ಹರಿದು ಅವನ ಕಿವಿಯ ಬಳಿಯ ನರೆಗೂದಲು ಒಂದೊಂದಾಗಿ ಬಿಡಿಸಿಕೊಂಡಿತು. ಅವನು ಗಲ್ಲ ಎತ್ತಿದ. ಗಾಜಿನಲ್ಲಿ ಅದು ಕೆಳಗೆ ಇಳಿಯಿತು.

"ನಾ ಕಾಣ್ತೇನೇನು, ಕಾಂತಾ?"

"ತಡೀರಿ," ಎಂದಳು ಅವಳು ಬಟ್ಟೆಯೊಳಗಿಂದ. "ಅಲಗ್ಯಾಡಬ್ಯಾಡ್ರಿ."