ಬೀರನ ಬಟ್ಟಲು

ಮಕ್ತಲಿನ ಪೆಂಟಮ್ಮನಿಗೆ ಆ ವರ್ಷ ಇಬ್ಬರ ಮೇಲೆ ಸಿಟ್ಟಿತ್ತು. ಒಂದು ಜರ್ಮನಿಯವರ ಮೇಲೆ, ಇನ್ನೊಂದು ಗದ್ವಾಲದ ಬೀಗತಿ ಶಂಕರಮ್ಮನ ಮೇಲೆ. ಜರ್ಮನಿಯವರು ಲಡಾಯಿ ಹೂಡಿದ್ದರಿಂದ ಹೈದರಾಬಾದಿನ ಅಂಗಡಿಗಳಲ್ಲೂ ರಬ್ಬರು ಸಿಗದಂತಾಗಿತ್ತು. ರಬ್ಬರು ಸಿಗದೆ ಮೊಮ್ಮಗ ಬೀರನ ಹಾಲಿನ ಸೀಸೆಗೆ ಹೊಸ ತೊಟ್ಟು ಬಂದಿರಲಿಲ್ಲ. ತೊಟ್ಟು ಬರದ ಕಾರಣ ಬೀಗತಿಗೆ ಮಾತಾಡಲು ಒಂದು ನೆಪ ಸಿಕ್ಕಿತ್ತು.

ಕುರುಬರ ಮನೆಗೆ ಗಾಜಿನ ಸೀಸೆ ಎಲ್ಲಿಂದ ಬಂತು ಎಂದು ಊರೇ ಕೇಳಿತ್ತು, ನೀವೂ ಕೇಳುತ್ತೀರಿ. ಪೆಂಟಮ್ಮನ ಮಗ ಅಯ್ಯಣ್ಣ ತಹಶೀಲು ಕಚೇರಿಯಲ್ಲಿ ಚಪರಾಸಿ. ಸೊಸೆ ಉರುಕುಂದಮ್ಮ ಹೆತ್ತ ಮೇಲೆ ಜ್ವರ ಹಿಡಿದು ಮಲಗಿ, ಎದೆಹಾಲು ಬತ್ತಿತು. ಆಗ ತಬಾದ್ಲಾ ಆಗಿ ಬೇರೆ ತಾಲೂಕಿಗೆ ಹೊರಟಿದ್ದ ತಹಶೀಲ್ದಾರ ಸಾಹೇಬರ ಬೇಗಂ ತಮ್ಮ ಮಗುವಿನ ಸೀಸೆಯನ್ನು ಅಯ್ಯಣ್ಣನ ಕೈಗಿಟ್ಟು ಹೋದರು. ಮನೆಯಲ್ಲಿ ಆಡಿನ ಹಾಲಿಗೇನು ಬರವೇ? ಸೊಸೆ ಹಾಸಿಗೆ ಬಿಟ್ಟೇಳುವವರೆಗೂ ಪೆಂಟಮ್ಮನ ತೊಡೆಯೇ ಬೀರನ ತೊಟ್ಟಿಲಾಯಿತು. ಸೀಸೆಯ ಹಾಲು ಕುಡಿದು ಕೂಸು ಗುಂಡಗೆ ಬೆಳೆಯಿತು.

ಈಗ ಅವನಿಗೆ ಒಂದೂವರೆ ವರ್ಷ, ಬಾಯಿತುಂಬ ಹಲ್ಲು. ಹಲ್ಲಿಗೂ ಕೆಲಸ ಬೇಕಲ್ಲ, ತೊಟ್ಟನ್ನು ಜಗಿದು ಜಗಿದು ಹರಿದುಬಿಟ್ಟಿದ್ದ. ಹೀರಿದರೆ ಹಾಲು ದಬದಬನೆ ನುಗ್ಗಿ ನೆತ್ತಿಗೇರುತ್ತಿತ್ತು. ಒಂದು ಸಲ ಅವನ ಗಂಟಲಿನಿಂದ ರಬ್ಬರಿನ ಚೂರು ತೆಗೆದಾಗ ಪೆಂಟಮ್ಮನ ಜೀವ ಬಾಯಿಗೆ ಬಂದಿತ್ತು. ಸೀಸೆ ಬಿಡಿಸಲೇಬೇಕೆಂದು ಅವಳಿಗೂ ಗೊತ್ತಿತ್ತು. ಆದರೆ ತನಗೆ ಗೊತ್ತಿರುವುದನ್ನು ಬೀಗತಿ ಬಂದು ಹೇಳಿದರೆ ಯಾರಿಗೆ ತಾನೇ ಸೈರಣೆ ಇರುತ್ತದೆ?

ಯುಗಾದಿಗೆ ಬಂದ ಶಂಕರಮ್ಮ ಹೇಳಿಯೇ ಹೋಗಿದ್ದಳು. "ನಮ್ಮ ಮನಿತುಂಬ ಮಕ್ಕಳದಾವ, ಒಂದಾರ ಸೀಸಾದ ಮಾರಿ ನೋಡೈತೇನ್ರಿ? ಕಾರಹುಣ್ಣಿಮಿ ಆದಮ್ಯಾಲ ಮತ್ತ ಬರ್ತೀನಿ. ಅಷ್ಟ್ರಾಗ ಬಟ್ಟಲದಾಗ ಕುಡಿಯಾಕ ಕಲಿಸಿದ್ರ ಚಲೋ. ಇಲ್ಲಾಂದ್ರ ತಾಯಿ ಮಗ ಇಬ್ಬರನ್ನೂ ಗದ್ವಾಲಕ್ಕ ಕರಕೊಂಡು ಹೋಗ್ತೀನಿ. ನಮ್ಮ ಹುಡುಗರ ಜೋಡಿ ಕುಂತ್ರ ತಾನ ಕಲಿತಾನ."

ಮಕ್ತಲಿಗೂ ಗದ್ವಾಲಕ್ಕೂ ನಡುವೆ ಕೃಷ್ಣೆ ಹರಿಯುತ್ತಾಳೆ. ಕಾರಹುಣ್ಣಿಮೆ ಕಳೆದು ಹೊಸನೀರು ಬಂತೆಂದರೆ ಹರಿಗೋಲು ನಿಂತುಹೋಗುತ್ತದೆ. ಅದಕ್ಕೆ ಮುಂಚೆ ಹೊಳೆ ದಾಟಿ ಹೋದ ಕೂಸು ದಸರೆಯ ತನಕ ತಿರುಗಿ ಬರುವ ಮಾತಿಲ್ಲ. ಬೀರನಿಲ್ಲದ ಮಳೆಗಾಲವನ್ನು ನೆನೆದರೆ ಪೆಂಟಮ್ಮನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸೊಸೆಗೇನು, ತವರಿಗೆ ಹೋಗುವುದೆಂದರೆ ಯಾವ ಹೆಣ್ಣಿಗೆ ಬೇಡ ಎಂದುಕೊಂಡಳು. ಉರುಕುಂದಮ್ಮನಂತೂ ತಾಯಿಯ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಲ ಹೆಬ್ಬೆರಳು ನೋಡುತ್ತ ನಿಂತಿದ್ದಳು.

ಬಟ್ಟಲಿನ ಪಾಠ ಶುರುವಾಯಿತು. ಹಿತ್ತಾಳೆಯ ಬಟ್ಟಲಿನಲ್ಲಿ ಹಾಲು ಕೊಟ್ಟರೆ ಬೀರ ಅದನ್ನು ಟೊಪ್ಪಿಗೆಯ ಹಾಗೆ ತಲೆಗಿಟ್ಟುಕೊಂಡ. ಬೀಗತಿಯೇ ತೊಟ್ಟಿಲಿಗೆ ಹಾಕುವಾಗ ತಂದಿದ್ದ ಬೆಳ್ಳಿಯ ಒಳಲೆ ನೆನಪಾಯಿತು. ಅದರ ಮೂತಿಯಿಂದ ಹಾಲು ಹನಿಸಿದರೆ ಅವನು ಅಷ್ಟೇ ಹಾಲನ್ನು ಪೆಂಟಮ್ಮನ ಮುಖಕ್ಕೆ ಉಗುಳಿದ. ಇಷ್ಟು ದಿನ ಆ ಒಳಲೆಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದರಲ್ಲ, ರುಚಿ ಹಿಡಿಸಲಿಲ್ಲವೇನೋ. ಸೀಸೆಯ ತೊಟ್ಟಿಗೆ ಬೇವಿನೆಲೆ ಅರೆದು ಹಚ್ಚಿದರು. ಅದನ್ನು ಪೂರ್ತಿ ನೆಕ್ಕಿ ಇನ್ನಷ್ಟು ಬೇಕೆಂದು ಕೈ ಚಾಚಿದ. ಕೊನೆಗೆ ಅಯ್ಯಣ್ಣ ದಿನಾ ಮಗನ ಎದುರು ಕೂತು ಬಟ್ಟಲಿನಿಂದ ಹಾಲು ಕುಡಿದು, "ಹಾ!" ಎಂದು ಬಾಯಿ ಚಪ್ಪರಿಸಿ ತೋರಿಸತೊಡಗಿದ. ಕೂಸು ಕೈ ತಟ್ಟಿ ನಗುತ್ತಿತ್ತು. ಅಷ್ಟರಲ್ಲಿ ಅಯ್ಯಣ್ಣನಿಗೆ ಹೊಟ್ಟೆ ಬಂತು, ಕಚೇರಿಯ ಪಟ್ಟಿ ಸುತ್ತದಂತಾಯಿತು.

ಇದೆಲ್ಲವನ್ನೂ ಗೋಡೆಯಾಚೆಯ ಪೋಚಮ್ಮ ನೋಡುತ್ತಿದ್ದಳು. ಅವಳು ತಂಗಿಯ ಮಗಳನ್ನು ಶಂಕರಮ್ಮನ ಓಣಿಗೇ ಕೊಟ್ಟಿದ್ದಳು. ಪೆಂಟಮ್ಮನ ಒಲೆಯ ಮೇಲೆ ಹಾಲು ಉಕ್ಕಿದರೆ ಅದರ ಸುದ್ದಿ ಸಂತೆಯ ಹೊತ್ತಿಗೆ ಗದ್ವಾಲ ಮುಟ್ಟುತ್ತಿತ್ತು.

ಹೀಗಿರಲು ಒಂದು ರವಿವಾರ. ಪೆಂಟಮ್ಮನ ಗಂಡ ಬಾಲಯ್ಯ ಮೈಲಾರಲಿಂಗನ ದೀಕ್ಷೆ ಹೊತ್ತ ಗೊರವಯ್ಯ. ರವಿವಾರ ದೇವರ ವಾರ. ಅಂದು ಕರಿಕಂಬಳಿಯ ಅಂಗಿ ತೊಟ್ಟು, ಹಣೆತುಂಬ ಅರಿಸಿನದ ಭಂಡಾರ ಬಳಿದುಕೊಂಡು, ದೋಣಿಯೆಂಬ ಮರದ ಪಾತ್ರೆಯನ್ನು ಅಂಗಳದಲ್ಲಿಟ್ಟು ಅದಕ್ಕೆ ಹಾಲು, ಬಾಳೆಹಣ್ಣು, ಬೆಲ್ಲ ತುಂಬಿಸುವುದು. ಗೊರವಯ್ಯ ಮೈಲಾರನ ನಾಯಿಯಲ್ಲವೇ? ಮಂಡಿಯೂರಿ ಬೊಗಳಿ, ದೋಣಿಗೆ ಬಾಯಿ ಹಾಕಿ ಪ್ರಸಾದ ತಿನ್ನಬೇಕು. ಬಾಲಯ್ಯ ಮನೆಯಲ್ಲಿ ಮಾತು ಕಮ್ಮಿ, ಆದರೆ ಬೊಗಳಿದರೆ ಊರ ನಾಯಿಗಳು ಬಾಲ ಮುದುರಿ ಕೂರುತ್ತಿದ್ದವು.

ಅಂದು ಅವನು "ಭೌ!" ಎಂದದ್ದೇ ತಡ, ಹೊಸ್ತಿಲಲ್ಲಿದ್ದ ಬೀರ ಕಿಲಕಿಲ ನಗುತ್ತ, ನಡೆಯಲು ಬರುತ್ತಿದ್ದರೂ ನಾಯಿಯ ಹಾಗೆ ಅಂಬೆಗಾಲಿಟ್ಟು ಬಂದ. ತಾತನ ಪಕ್ಕದಲ್ಲಿ ಕೈಯೂರಿ ಮೂಗಿನ ಸಮೇತ ದೋಣಿಯೊಳಗೆ ಮುಖವಿಟ್ಟು ಸೊರ್ ಎಂದು ಹಾಲು ಹೀರಿದ.

"ಅಯ್ಯೋ ಶಿವನೇ! ದೇವರ ದೋಣಿ!" ಪೆಂಟಮ್ಮ ಓಡಿಬಂದಳು.

ಬಾಲಯ್ಯ ಗಡ್ಡದ ಹಾಲು ಒರೆಸಿಕೊಂಡ. "ಇರ್ಲಿ ಬಿಡು. ದೊಡ್ಡ ನಾಯಿ ಜೋಡಿ ಸಣ್ಣ ನಾಯಿ ಬಂತಂತ ಮೈಲಾರ ಏನು ಸಿಟ್ಟಾಗಾಂವಲ್ಲ."

ಸೀಸೆಯಿಲ್ಲದೆ ಕೂಸು ಹಾಲು ಕುಡಿದಿತ್ತು. ಪೆಂಟಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮರುದಿನವೇ ಸೀಸೆಯನ್ನು ಅಟ್ಟಕ್ಕೆ ಎಸೆದು, ಹಿತ್ತಾಳೆಯ ಬಟ್ಟಲನ್ನು ನೆಲದ ಮೇಲಿಟ್ಟಳು. ಬೀರ ಕೈಯೂರಿದ, ಬಗ್ಗಿದ, ಕುಡಿಯಲಿಲ್ಲ. ತಾತನ ಮುಖ ನೋಡಿದ. ತಾತ ಕಂಬಳಿ ನೇಯುವ ನೂಲು ಸುತ್ತುತ್ತ ಸುಮ್ಮನಿದ್ದ.

"ಒಂದೀಟು ಬೊಗಳ್ರೀ," ಎಂದಳು ಪೆಂಟಮ್ಮ.

"ಇವತ್ತು ಸೋಮವಾರ."

"ಕೂಸಿಗಿ ವಾರ ಏನು ಗೊತ್ತೈತ್ರಿ! ಬೊಗಳ್ರಿ."

ಬಾಲಯ್ಯ ಬೊಗಳಿದ. ಬೀರ ಬಟ್ಟಲು ಖಾಲಿ ಮಾಡಿದ. ಅಂದಿನಿಂದ ಅದೇ ಕಾನೂನಾಯಿತು. ಬಟ್ಟಲು ನೆಲದ ಮೇಲಿರಬೇಕು, ತಾತ ಬೊಗಳಬೇಕು, ಆಗಷ್ಟೇ ಹಾಲು ಒಳಗೆ ಹೋಗುತ್ತಿತ್ತು. ಬೇರೆ ಯಾರು ಬೊಗಳಿದರೂ ನಡೆಯುತ್ತಿರಲಿಲ್ಲ. ಅಯ್ಯಣ್ಣನದು ಕೆಮ್ಮಿದಂತೆ ಕೇಳುತ್ತಿತ್ತು. ಪೆಂಟಮ್ಮನದು ಆಡಿನ ದನಿ.

ಕಾರಹುಣ್ಣಿಮೆ ಕಳೆಯಿತು, ಹೊಳೆಗೆ ಹೊಸನೀರು ಇನ್ನೂ ಬಂದಿರಲಿಲ್ಲ. ಶಂಕರಮ್ಮ ಗದ್ವಾಲದ ಜರಿಯಂಚಿನ ಸೀರೆ ಸರಬರ ಮಾಡುತ್ತ ಬಂಡಿಯಿಂದ ಇಳಿದಳು. ಪೆಂಟಮ್ಮ ನಾರಾಯಣಪೇಟೆಯ ತನ್ನ ಹೊಸ ಸೀರೆ ಉಟ್ಟು ಎದುರುಗೊಂಡಳು. ಮಾನ ಉಳಿಸಿಕೊಳ್ಳಲು ಅವಳೊಂದು ಉಪಾಯ ಮಾಡಿದ್ದಳು. ಬಾಲಯ್ಯ ಹಿತ್ತಲ ಗೋಡೆಯ ಹಿಂದೆ ಕೂತು ಬೊಗಳುವುದು, ಬೀಗತಿ ಅದನ್ನು ಬೀದಿನಾಯಿ ಎಂದುಕೊಳ್ಳುವುದು, ಕೂಸು ಹಾಲು ಕುಡಿಯುವುದು. ಬಾಲಯ್ಯನಿಗೆ ಇದು ಒಪ್ಪಿಗೆ ಇರಲಿಲ್ಲ, ಆದರೆ ಒಪ್ಪಿಗೆ ಕೇಳಿದವರು ಯಾರು?

"ಎಲ್ರಿ ಬೀಗತಿ, ಕುಡಿಸಿ ತೋರಸ್ರಿ," ಎಂದು ಶಂಕರಮ್ಮ ಕಂಬಳಿಯ ಮೇಲೆ ಕೂತಳು.

ಪೆಂಟಮ್ಮ ಬಟ್ಟಲನ್ನಿಟ್ಟು ಜೋರಾಗಿ ಕೆಮ್ಮಿದಳು. ಅದು ಸನ್ನೆ. ಗೋಡೆಯ ಹಿಂದಿನಿಂದ "ಭೌ! ಭೌ!" ಎಂದು ಬಂತು. ಬೀರ ಖುಷಿಯಿಂದ ಬಟ್ಟಲಿಗೆ ಬಗ್ಗಿದ. ಅಷ್ಟರಲ್ಲಿ ಶಂಕರಮ್ಮ ದಡಕ್ಕನೆ ಎದ್ದಳು. ನಾಯಿಯೆಂದರೆ ಅವಳಿಗೆ ಆಗುತ್ತಿರಲಿಲ್ಲ.

"ಹುಚ್ಚುನಾಯಿ ಇದ್ದಂಗೈತ್ರಿ! ಕೂಸಿನ ಮ್ಯಾಲ ಬಂದ್ರ?" ಎಂದವಳೇ ಮೂಲೆಯಲ್ಲಿದ್ದ ಕುರಿ ಕಾಯುವ ಕೋಲು ಹಿಡಿದು ಹಿತ್ತಲಿಗೆ ನುಗ್ಗಿದಳು. "ಬೇಡ್ರಿ ಬೀಗತಿ!" ಎಂದು ಪೆಂಟಮ್ಮ ಕೂಗುವಷ್ಟರಲ್ಲಿ ಗೋಡೆ ಬಳಸಿ ಹೋಗಿ, "ಹಚಾ!" ಎಂದು ಕೋಲೆತ್ತಿದ್ದಳು.

ಕೋಲಿನ ಕೆಳಗೆ ಬೀಗ ಬಾಲಯ್ಯ ನಾಲ್ಕು ಕಾಲಲ್ಲಿ ಕೂತಿದ್ದ.

ಶಂಕರಮ್ಮ ಕೋಲು ಬಿಟ್ಟು ಸೆರಗನ್ನು ತಲೆತುಂಬ ಎಳೆದುಕೊಂಡಳು. ಮಗಳ ಮದುವೆಯಾದಂದಿನಿಂದ ಬೀಗನ ಎದುರು ಮುಖವೆತ್ತಿ ನಿಂತವಳಲ್ಲ ಅವಳು. ಬಾಲಯ್ಯ ಎದ್ದು ಮೊಣಕಾಲ ಮಣ್ಣು ಕೊಡವಿ, ಏನೂ ಆಗದವನಂತೆ, "ಆರಾಮ ಅದೀರೇನ್ರಿ?" ಎಂದ.

ಪೆಂಟಮ್ಮ ನಾಚಿಕೆಯಿಂದ ಕುಗ್ಗಿಹೋದಳು. ಎಲ್ಲ ಹೇಳಬೇಕಾಯಿತು. ರವಿವಾರದ ದೋಣಿ, ಸೋಮವಾರದ ಬೊಗಳಿಕೆ, ಒಂದನ್ನೂ ಮುಚ್ಚಿಡಲಿಲ್ಲ. ಕೇಳುತ್ತ ಕೇಳುತ್ತ ಶಂಕರಮ್ಮನ ಕಣ್ಣು ಅಗಲವಾದವು. "ನನ್ನ ಮೊಮ್ಮಗನ್ನ ನಾಯಿ ಮಾಡಿ ಇಟ್ಟೀರಿ! ಉರುಕುಂದಿ, ಅರಿವಿ ಗಂಟು ಕಟ್ಟು. ಈಗಲೇ ಹೊರಡೂದು."

ಉರುಕುಂದಮ್ಮ ಒಳಗೆ ಹೋದಳು.

ಇಷ್ಟೆಲ್ಲ ಗಲಾಟೆಯಲ್ಲಿ ಹಸಿದ ಬೀರನನ್ನು ಎಲ್ಲರೂ ಮರೆತಿದ್ದರು. ಅವನು ಬಟ್ಟಲ ಮುಂದೆ ಕೂತು ಹೋ ಎಂದು ಅಳತೊಡಗಿದ. ಶಂಕರಮ್ಮ ಎತ್ತಿಕೊಂಡಳು, ಬಟ್ಟಲನ್ನು ತುಟಿಗಿಟ್ಟಳು. ಅವನು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಇನ್ನೂ ಕೂಗಿದ. ಮುಖ ಕೆಂಪಾಯಿತು, ಬಿಕ್ಕಳಿಕೆ ಹತ್ತಿತು.

"ಬೀಗರಿಗಿ ಹೇಳ್ರಿ, ಒಂದೀಟು..." ಎಂದಳು ಶಂಕರಮ್ಮ ಸೋತ ದನಿಯಲ್ಲಿ.

ಬಾಲಯ್ಯ ಬಾಯಿ ತೆರೆದ. ಗಾಳಿಯಷ್ಟೇ ಬಂತು. ಬೀಗತಿಯ ಕೋಲು ಕಂಡ ಮೇಲೆ ಗಂಟಲು ಕಟ್ಟಿಹೋಗಿತ್ತು. ಪೆಂಟಮ್ಮ ತನ್ನ ಆಡಿನ ದನಿಯಲ್ಲಿ ಬೊಗಳಿದಳು. ಬೀರ ಇನ್ನಷ್ಟು ಅತ್ತ.

ಆಗ ಶಂಕರಮ್ಮ ಸುತ್ತ ನೋಡಿದಳು. ಕೂಸನ್ನು ಬಟ್ಟಲ ಮುಂದೆ ಬಿಟ್ಟು, ಜರಿಯಂಚು ಮೇಲೆತ್ತಿ ಸಿಕ್ಕಿಸಿ, ಸಗಣಿ ಸಾರಿಸಿದ ನೆಲದ ಮೇಲೆ ಮಂಡಿಯೂರಿ, "ಭೌ!" ಎಂದಳು. ಅದು ಅಂಥಿಂಥ ಬೊಗಳಿಕೆಯಲ್ಲ. ಹೊರಗೆ ಬಂಡಿಯ ಎತ್ತುಗಳು ಕಿವಿ ನಿಮಿರಿಸಿದವು. ಬೀರನ ಅಳು ಗಕ್ಕನೆ ನಿಂತಿತು. ಕಣ್ಣೀರಿನ ಮುಖದಲ್ಲೇ ನಕ್ಕು, ಬಗ್ಗಿ, ಗಟಗಟನೆ ಹಾಲು ಹೀರಿದ. ಅವನು ಉಸಿರಿಗೆಂದು ತಲೆ ಎತ್ತಿದಾಗಲೆಲ್ಲ ಅಜ್ಜಿ ಮತ್ತೆ ಬೊಗಳಿದಳು. ಬಟ್ಟಲು ಖಾಲಿಯಾದಾಗ ಗೋಡೆಯ ಮೇಲೆ ಪೋಚಮ್ಮನ ತಲೆ ಕಂಡಿತು.

ಶಂಕರಮ್ಮ ಎದ್ದು ಸೀರೆ ಸರಿಪಡಿಸಿಕೊಂಡಳು. ಪೋಚಮ್ಮನನ್ನೊಮ್ಮೆ ನೋಡಿದಳು.

"ಕೂಸು ಇಲ್ಲೇ ಇರ್ಲಿ," ಎಂದಳು ಕೊನೆಗೆ. "ಗದ್ವಾಲದಾಗ ನಮ್ಮದು ದೊಡ್ಡ ಓಣಿ. ನಾಕು ಮಂದಿ ಬಂದುಹೋಗೂ ಮನಿ. ದಿನಾ ನನ್ನ ಕೈಲಿ ಆಗಂಗಿಲ್ಲ. ಬೊಗಳೂದು ಬಿಟ್ಟು ಮನಿಶ್ಯಾರಂಗ ಕುಡಿಯಾಕ ಹತ್ತಿದ ಕೂಡ್ಲೇ ಹೇಳಿ ಕಳಸ್ರಿ. ಬಂದು ಕರಕೊಂಡು ಹೋಗ್ತೀನಿ." ಬಂಡಿ ಹತ್ತುವ ಮೊದಲು ಪೋಚಮ್ಮನ ಕಡೆ ತಿರುಗಿ, "ನೀವೂ ಒಂದೀಟು ಕಿವಿ ಇಟ್ಟಿರ್ರಿ," ಎಂದಳು.

ಹೊಳೆ ತುಂಬಿತು, ಹರಿಗೋಲು ನಿಂತಿತು. ಆ ಮಳೆಗಾಲವಿಡೀ ಮನೆಯಲ್ಲಿ ಬೊಗಳಿಕೆ ಚೆನ್ನಾಗಿ ನಡೆಯಿತು. ದಸರೆ ಹತ್ತಿರ ಬಂದು, ಹೊಳೆ ಇಳಿದು, ಗದ್ವಾಲದ ಮಂದಿ ಸಂತೆಗೆ ಬರತೊಡಗಿದರು.

ಒಂದು ಮಧ್ಯಾಹ್ನ ಪೆಂಟಮ್ಮ ಅರ್ಧ ಮಜ್ಜಿಗೆ ಕುಡಿದ ಬಟ್ಟಲನ್ನು ಪಕ್ಕಕ್ಕಿಟ್ಟು ಉಣ್ಣೆ ಹಿಂಜುತ್ತಿದ್ದಳು. ಬೀರ ನಡೆದು ಬಂದ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ನೆಟ್ಟಗೆ ನಿಂತು, ಒಂದು ಹನಿ ಚೆಲ್ಲದೆ ಕುಡಿದ. ಕುಡಿದು, ಅಪ್ಪನ ಹಾಗೆ, "ಹಾ!" ಎಂದ.

ಪೆಂಟಮ್ಮನ ಕಣ್ಣು ತುಂಬಿಬಂದವು. ಎಷ್ಟು ದಿನದಿಂದ ಇದಕ್ಕಾಗಿ ದೇವರಿಗೆ ಹರಕೆ ಹೊತ್ತಿದ್ದಳೋ ಅವಳಿಗೇ ಗೊತ್ತು. ಕೂಸನ್ನು ಬಾಚಿ ಅಪ್ಪಿಕೊಂಡಳು. ಅಪ್ಪಿಕೊಂಡ ಮೇಲೆ ಕರೆದುಕೊಂಡು ಹೋಗುತ್ತೇನೆಂದ ಬೀಗತಿಯ ಮಾತು ನೆನಪಾಯಿತು. ಗೋಡೆಯ ಕಡೆ ನೋಡಿದಳು. ಪೋಚಮ್ಮನ ತಲೆ ಇರಲಿಲ್ಲ, ಬಳೆಯ ಸದ್ದಿತ್ತು.

ಪೆಂಟಮ್ಮ ಖಾಲಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿ, ಮೆಲ್ಲಗೆ, "ಭೌ," ಎಂದಳು. ಆಮೇಲೆ ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಉರುಕುಂದಮ್ಮ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು. ಅವಳ ತವರಿನ ದಾರಿಯನ್ನು ತಾನೇ ಅಡ್ಡಗಟ್ಟುತ್ತಿರುವುದನ್ನು ಸೊಸೆ ಕಣ್ಣಾರೆ ಕಂಡಳಲ್ಲ ಎಂದು ಪೆಂಟಮ್ಮ ತಲೆ ತಗ್ಗಿಸಿದಳು.

ಉರುಕುಂದಮ್ಮ ಹತ್ತಿರ ಬಂದು ಕೂತು, ಮಗನ ಮೂಗಿನ ಮೇಲಿನ ಮಜ್ಜಿಗೆ ಒರೆಸಿದಳು.

"ಜೋರಾಗಿ ಬೊಗಳ್ರಿ ಅತ್ತಿ," ಎಂದಳು. "ಬಾಜು ಮನಿಗಿ ಕೇಳಬೇಕಲ್ಲ."