ಹಲ್ಲು ತಾಕಿಸದ ತುತ್ತು

ಕೂಟಗಲ್ಲಿನ ಕರಿಯಪ್ಪ ಮುದ್ದೆ ನುಂಗುವುದನ್ನು ನೋಡಲೆಂದೇ ಜನ ಪಂಕ್ತಿಯಲ್ಲಿ ಅವನೆದುರು ಕೂರುತ್ತಿದ್ದರು. ನಿಂಬೆಹಣ್ಣಿನ ಗಾತ್ರದ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಮುಗಿಯಿತು, ಗಂಟಲಲ್ಲಿ ಒಮ್ಮೆ ಉಬ್ಬಿ ಇಳಿದುಹೋಗುತ್ತಿತ್ತು. ಮುದ್ದೆಗೆ ಹಲ್ಲು ತಾಕಿಸುವವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಬಿಡದಿಯ ಮುದ್ದೆ ಸ್ಪರ್ಧೆಯಲ್ಲಿ ಗೆದ್ದ ಕುಕ್ಕರ್ ಇನ್ನೂ ಅಟ್ಟದ ಮೇಲಿದೆ. ಅದರಲ್ಲಿ ಅಡುಗೆ ಮಾಡಲು ಅವನು ಬಿಟ್ಟಿಲ್ಲ.

ಅಂಥವನಿಗೆ ಈ ವರ್ಷ ಮೇದೋಜೀರಕ ಗ್ರಂಥಿ ಊದಿಕೊಂಡು, ನೋವು ಹೋದ ಮೇಲೂ ಅದು ಸೋತು ಕೂತಿತು. ಏನು ತಿಂದರೂ ಮೈಗೆ ಹತ್ತಲಿಲ್ಲ. ರಾಮನಗರದ ಡಾಕ್ಟರು ಬಿಡಿಸಿ ಹೇಳಿದರು: ತಿಂದದ್ದನ್ನು ಮೈ ಹಾಗೇ ಹೀರಿಕೊಳ್ಳಲಾರದು, ಕಿಣ್ವಗಳು ಅದನ್ನು ಸಣ್ಣಗೆ ಮಾಡಿಕೊಡಬೇಕು. ಹಿಟ್ಟಿಗೆ ಒಂದು, ಬೇಳೆಗೆ ಒಂದು, ಎಣ್ಣೆಗೆ ಇನ್ನೊಂದು. ನಿಮ್ಮಲ್ಲಿ ಅವು ಸಾಲುತ್ತಿಲ್ಲ.

"ಚಾಕಿ ಹುಳಕ್ಕೆ ಸೊಪ್ಪು ಹೆಚ್ಚಾಕ್ದಂಗೆ ಅನ್ನಿ," ಎಂದ ಕರಿಯಪ್ಪ. ಮರಿ ರೇಷ್ಮೆಹುಳುಗಳಿಗೆ ಅವನು ದಿನಾ ಮಾಡುವ ಕೆಲಸ ಅದು.

"ಹಾಗೇ. ಹೆಚ್ಚೋರು ರಜಾ ಹಾಕಿದಾರೆ, ಈ ಮಾತ್ರೆ ಅವರ ಬದಲಿ."

ಮಾತ್ರೆಯನ್ನು ಊಟ ಶುರುಮಾಡುವಾಗಲೇ ಇಡಿಯಾಗಿ ನುಂಗಬೇಕು, ಕಚ್ಚಬಾರದು. ಕಚ್ಚಿದರೆ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಹಾಳಾಗುತ್ತದೆ, ಕರುಳು ಮುಟ್ಟುವುದಿಲ್ಲ. ಮುಂದಿನ ಸಲ ತೂಕ ಏರದಿದ್ದರೆ ಆಸ್ಪತ್ರೆ ಸೇರಬೇಕು, ಮುದ್ದೆಯನ್ನು ಮರೆಯಬೇಕು.

ಕರಿಯಪ್ಪನ ಕಷ್ಟ ಬೇರೆಯೇ ಇತ್ತು. ಅವನಿಗೆ ಮಾತ್ರೆ ನುಂಗಲು ಬರುತ್ತಿರಲಿಲ್ಲ. ನೀರು ಕುಡಿದರೆ ನೀರು ಇಳಿಯುತ್ತಿತ್ತು, ಮಾತ್ರೆ ನಾಲಿಗೆಯ ಮೇಲೇ ಕೂತಿರುತ್ತಿತ್ತು. ಆದರೆ ಮುದ್ದೆ ಕರಿಯಪ್ಪ ಇದನ್ನು ಯಾರಿಗೆ ಹೇಳುವುದು? ಊರೆಲ್ಲ ಹಲ್ಲು ಕಿಸಿಯುತ್ತದೆ. ಹೆಂಡತಿಗೆ ಬೆನ್ನು ಮಾಡಿ ಕೂತು, ಕಟಕ್ಕನೆ ಕಚ್ಚಿ ನೀರು ಕುಡಿದುಬಿಡುತ್ತಿದ್ದ. ಬಾಯಿ ಹುಣ್ಣಾಯಿತು, ಮೈ ಇನ್ನಷ್ಟು ಇಳಿಯಿತು.

ಒಂದು ಮಧ್ಯಾಹ್ನ ಸಾರು ತಾಕಿ ಅವನು ಮುಖ ಹಿಂಡಿದ್ದನ್ನು ಹೆಂಡತಿ ಚಿಕ್ಕಲಕ್ಷ್ಮಮ್ಮ ನೋಡಿದಳು.

"ಬಾಯ್ ತಗಿ ಒಸಿ."

"ಏನಿಲ್ಲ ಬುಡು."

"ತಗಿ ಅಂದೆ."

ತೆಗೆದ. ಹುಣ್ಣು ಕಂಡಿತು, ನಿಜವೂ ಹೊರಬಿತ್ತು. ಚಿಕ್ಕಲಕ್ಷ್ಮಮ್ಮ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೂ ನಕ್ಕಳು. ಆಮೇಲೆ ಸಿಟ್ಟು ಬಂತು.

"ಮಾನ ಕಾಪಾಡ್ಕಳಕ್ಕೆ ಓಗಿ ಜೀವ ಕಳ್ಕತಿದ್ದೀಯಲ್ಲ, ನೀನಿಲ್ದೆ ನಾನೇನ್ ಮಾಡ್ಲಿ," ಎಂದು ಎದ್ದು ಹೋದಳು.

ಹಿತ್ತಿಲಿನಿಂದ ಆಸ್ಪತ್ರೆಯ ನರ್ಸ್ ಕೆಹಕಶಾನ್‌ಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದಳು. ಗಂಡನಿಗೆ ಏನೂ ಹೇಳಲಿಲ್ಲ.

ಸಂಜೆ ಊಟಕ್ಕೆ ಕೂತಾಗ, ಮೊದಲೇ ಮುರಿದು ಆರಿಸಿಟ್ಟಿದ್ದ ಒಂದು ತುತ್ತನ್ನು ಅವನ ಕೈಗಿಟ್ಟಳು.

"ತಣ್ಣಗಾಗೈತಲ್ಲಮ್ಮಿ," ಎಂದು ಕರಿಯಪ್ಪ ಗೊಣಗಿದ.

"ಬಾಯಿ ಹುಣ್ಣಾಗಿರೋನಿಗೆ ಬಿಸಿ ಯಾಕೆ? ನುಂಗು."

ನುಂಗಿದ. ಎಂದಿನಂತೆ ಒಮ್ಮೆ ಉಬ್ಬಿ ಇಳಿಯಿತು. ಆಮೇಲೆ ಮುಖ ಸಪ್ಪೆ ಮಾಡಿಕೊಂಡು ಕೈ ಚಾಚಿದ. "ಕೊಡು, ಆ ದರಿದ್ರ ಮಾತ್ರೇನ."

"ಹೊಟ್ಟೇಲಿ ಐತೆ."

ಕರಿಯಪ್ಪ ತಟ್ಟೆ ನೋಡಿದ, ಹೆಂಡತಿಯನ್ನು ನೋಡಿದ, ಗಂಟಲು ಮುಟ್ಟಿಕೊಂಡ. ಬಿಸಿಗೆ ಮಾತ್ರೆ ಕೆಡುತ್ತದೆಂದು ಮೊದಲ ತುತ್ತನ್ನು ಆರಿಸಿದ್ದವಳು ಎರಡನೆಯ ತುತ್ತಿಗೆ ಬೆಚ್ಚಗಿನ ಸಾರು ಬಡಿಸಿದಳು. ಅವತ್ತಿನ ಊಟದಷ್ಟು ಸುಖದ ಊಟ ಸ್ಪರ್ಧೆ ಗೆದ್ದ ದಿನವೂ ಇರಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತೂಕದ ಮುಳ್ಳು ಮೇಲೇರಿತ್ತು. ಕೆಹಕಶಾನ್ ನಗುತ್ತ ಬರೆದುಕೊಂಡಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಅಜ್ಜಿಯೊಬ್ಬಳು ತನ್ನ ಗುಳಿಗೆ ನೋಡಿ, "ಇದ ಹೆಂಗವ್ವ ನುಂಗದು," ಎಂದು ನಿಟ್ಟುಸಿರಿಟ್ಟಳು. ಸಾಲಿನಲ್ಲಿ ಕೂಟಗಲ್ಲಿನವರೇ ನಾಲ್ಕೈದು ಮಂದಿ ಇದ್ದರು. ಚಿಕ್ಕಲಕ್ಷ್ಮಮ್ಮ ಗಂಡನ ಕಡೆ ನೋಡದೆ ನೆಲ ನೋಡಿದಳು.

ಕರಿಯಪ್ಪ ಗಂಟಲು ಸರಿಮಾಡಿಕೊಂಡ.

"ನಂಗೂ ಮಾತ್ರೆ ನುಂಗಕ್ಕೆ ಬರಲ್ಲ ಕಣವ್ವ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಈ ನರ್ಸಮ್ಮನ್ನ ಕೇಳ್ಕಂಡು ಆರಿದ ಮುದ್ದೆ ಒಳಗಿಕ್ಕಿ ನುಂಗು. ನಮ್ಮನೆಯವಳು ಕಲಿಸ್ಕೊಟ್ಟಿದ್ದು."